ಹಯವದನದ ದನಿ: ಬಿ.ವಿ. ಕಾರಂತರ ರಂಗಸಂಗೀತದ ಬದುಕು

ಆಧುನಿಕ ಕನ್ನಡ ರಂಗಭೂಮಿಯ ಚರಿತ್ರೆಯನ್ನು ಬರೆಯುವವರು ಬಾಬುಕೋಡಿ ವೆಂಕಟರಮಣ ಕಾರಂತರನ್ನು ನಿರ್ದೇಶಕರ ಸಾಲಿನಲ್ಲಿ ಮುಂಚೂಣಿಯಲ್ಲಿ ನಿಲ್ಲಿಸುತ್ತಾರೆ; ಸಂಗೀತದ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಅವರ ಹೆಸರನ್ನೇ ಎತ್ತುವುದಿಲ್ಲ. ಕಛೇರಿಯ ವೇದಿಕೆಯೇರಿ ಹಾಡಿ ಹೆಸರು ಮಾಡಿದವರು ಅವರಲ್ಲ. ಕೃತಿಗಳನ್ನು ರಚಿಸಿ ಮುದ್ರೆಯೊತ್ತಿದ ವಾಗ್ಗೇಯಕಾರರೂ ಅಲ್ಲ. ಆದಕಾರಣ ಎರಡು ಚರಿತ್ರೆಗಳ ನಡುವಿನ ಬಿರುಕಿನಲ್ಲಿ ಅವರ ಅತ್ಯಂತ ಮಹತ್ತ್ವದ ಕೆಲಸವೊಂದು ಸಿಕ್ಕಿಕೊಂಡಿದೆ. ಕೊರಳು ಕತ್ತರಿಸಿಕೊಂಡ ಇಬ್ಬರು ಗೆಳೆಯರ ರುಂಡಗಳು ಅದಲುಬದಲಾಗುವ ಒಂದು ವಿಲಕ್ಷಣ ಕಥೆಯನ್ನು, ಅದೂ ತತ್ತ್ವಜಿಜ್ಞಾಸೆಯ ಭಾರ ಹೊತ್ತು ಯುರೋಪನ್ನು ಸುತ್ತಿ ಬಂದ ಕಥೆಯನ್ನು, ಅವರು ಹಾಡಿ ತೋರಿಸಬಹುದಾದ ಆಟವಾಗಿಸಿದರು. ಅವರ ಬದುಕಿನ ಪೂರ್ವಾರ್ಧವೆಲ್ಲ ಆ ಕೆಲಸದ ಸಿದ್ಧತೆಯಂತೆಯೂ ಉತ್ತರಾರ್ಧವೆಲ್ಲ ಅದರ ವಿಸ್ತರಣೆಯಂತೆಯೂ ಕಾಣುವುದು ಆಕಸ್ಮಿಕವೇನಲ್ಲ.

ಕಾರಂತರು ಹುಟ್ಟಿದ್ದು 1929ರ ಸೆಪ್ಟೆಂಬರ್ 19ರಂದು, ದಕ್ಷಿಣ ಕನ್ನಡದ ಬಂಟ್ವಾಳ ತಾಲೂಕಿನ ಮಂಚಿ ಗ್ರಾಮದ ಬಾಬುಕೋಡಿಯಲ್ಲಿ. ಮನೆ ಬಡವರದು, ಪರಿಸರ ಮಾತ್ರ ನಾದಸಂಪನ್ನವಾದದ್ದು. ತೆಂಕುತಿಟ್ಟಿನ ಬಯಲಾಟ, ಭೂತದ ಕೋಲ, ಪಾಡ್ದನ, ಭಜನೆ ಇವೆಲ್ಲ ಅಲ್ಲಿ ಮನರಂಜನೆ ಎಂಬ ಪ್ರತ್ಯೇಕ ಹೆಸರಿಲ್ಲದೆ ಬದುಕಿನೊಳಗೇ ಸೇರಿಕೊಂಡಿದ್ದವು. ಚೆಂಡೆಯ ಪೆಟ್ಟು ಗುಡ್ಡ ದಾಟಿ ಕಿವಿಗೆ ಬಿದ್ದಾಗಲೇ ಆಟ ಎಲ್ಲಿದೆಯೆಂದು ತಿಳಿಯುವ ಊರುಗಳವು. ಕಣ್ಣಿಗೆ ಕಾಣುವ ಮೊದಲೇ ರಂಗಭೂಮಿ ಕಿವಿಗೆ ಕೇಳಿಸುತ್ತದೆ ಎಂಬುದು ಆ ಸೀಮೆಯ ಮಕ್ಕಳಿಗೆ ಯಾರೂ ಕಲಿಸಬೇಕಾದ ಪಾಠವಾಗಿರಲಿಲ್ಲ. ಶಾಲೆಯಲ್ಲಿ ಪಿ.ಕೆ. ನಾರಾಯಣ ಎಂಬ ಅಧ್ಯಾಪಕರು ಆಡಿಸಿದ ಕುವೆಂಪು ಅವರ 'ನನ್ನ ಗೋಪಾಲ'ದಲ್ಲಿ ಬಾಲಕ ವೆಂಕಟರಮಣ ಬಣ್ಣ ಹಚ್ಚಿದ. ಆ ಬಣ್ಣ ಮತ್ತೆ ಅಳಿಯಲಿಲ್ಲ.

ಹದಿಹರೆಯದಲ್ಲಿ ಮನೆ ಬಿಟ್ಟು ಓಡಿದ ಹುಡುಗ ಸೇರಿದ್ದು ಗುಬ್ಬಿ ವೀರಣ್ಣನವರ ಕಂಪನಿಯನ್ನು. 1884ರಲ್ಲಿ ಗುಬ್ಬಿಯಲ್ಲಿ ಮೊದಲಾದ ಆ ನಾಟಕ ಸಂಘ ಅಷ್ಟು ಹೊತ್ತಿಗೆ ದಕ್ಷಿಣ ಭಾರತದ ದೊಡ್ಡ ಕಂಪನಿಗಳಲ್ಲೊಂದಾಗಿ, ಆನೆ ಕುದುರೆಗಳನ್ನು ರಂಗಕ್ಕೆ ತಂದ 'ಕುರುಕ್ಷೇತ್ರ'ದಂಥ ವೈಭವದಿಂದ ಮನೆಮಾತಾಗಿತ್ತು. ಕಂಪನಿ ನಾಟಕದ ಸಂಗೀತದ ಬೇರು ಎಲ್ಲಿಯದೆಂದು ಕೇಳಿದರೆ ಪುಣೆಯ ಕಡೆ ತಿರುಗಬೇಕಾಗುತ್ತದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1843ರಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ'ವನ್ನು ರಂಗಕ್ಕೆ ತಂದರು. ಪಾತ್ರಧಾರಿ ತಾನೇ ನಿಂತು ಹಾಡುವ ಆ ಮಾದರಿ ಮರಾಠಿ ಕಂಪನಿಗಳ ಬೆನ್ನೇರಿ ಉತ್ತರ ಕರ್ನಾಟಕಕ್ಕೆ ಬಂದು, ಪಾರ್ಸಿ ನಾಟಕದ ಮಟ್ಟುಗಳೊಡನೆ ಬೆರೆತು, ಕನ್ನಡದ ವೃತ್ತಿರಂಗಭೂಮಿಯನ್ನು ಆವರಿಸಿತು. ಅದಕ್ಕೂ ಮೊದಲು 1840ರ ದಶಕದಲ್ಲಿ ಸಾಂಗಲಿಯ ವಿಷ್ಣುದಾಸ ಭಾವೆಯವರಿಗೆ ಸ್ಫೂರ್ತಿಯಾದದ್ದು ಕರ್ನಾಟಕದ ಕರಾವಳಿಯಿಂದ ಹೋದ ಬಯಲಾಟದ ಮೇಳವೆಂಬುದನ್ನು ನೆನೆದರೆ, ಕೊಟ್ಟವರಾರು ಪಡೆದವರಾರು ಎಂಬ ಲೆಕ್ಕವೇ ಗೋಜಲಾಗುತ್ತದೆ. ಕರಾವಳಿಯ ಬಾಲಕನೊಬ್ಬ ಗುಬ್ಬಿ ಕಂಪನಿಯಲ್ಲಿ ಹಾರ್ಮೋನಿಯಂ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಹಾಡು ಕಲಿತಾಗ ಈ ಎರಡೂ ಧಾರೆಗಳು ಒಂದೇ ಕೊರಳಿನಲ್ಲಿ ಕೂಡಿದವು.

ಕಂಪನಿಯ ಯಜಮಾನರು ಹುಡುಗನ ಬುದ್ಧಿಯನ್ನು ಗುರುತಿಸಿ ಅವನನ್ನು ಓದಲೆಂದು ಕಾಶಿಗೆ ಕಳುಹಿಸಿದರು. ನಾಟಕದ ಕಂಪನಿಯೊಂದು ತನ್ನ ನಟನನ್ನು ವಿಶ್ವವಿದ್ಯಾಲಯಕ್ಕೆ ಕಳುಹಿಸಿಕೊಟ್ಟದ್ದು ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ಅಪರೂಪದ ಸಂಗತಿ. ವೀರಣ್ಣನವರ ಔದಾರ್ಯಕ್ಕಿಂತ ಅವರ ದೂರದೃಷ್ಟಿಗೆ ಅದು ಸಾಕ್ಷಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಕಾರಂತರು ಹಿಂದಿ ಎಂ.ಎ. ಮುಗಿಸಿದರು, ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದುಸ್ತಾನಿ ಸಂಗೀತದ ಪಾಠ ಹೇಳಿಸಿಕೊಂಡರು. ಓಂಕಾರನಾಥರ ಗಾಯನದಲ್ಲಿ ಭಾವಾಭಿನಯಕ್ಕೆ, ಪದದ ಅರ್ಥವನ್ನು ಸ್ವರದಿಂದ ಬಿಡಿಸುವ ಕ್ರಮಕ್ಕೆ ವಿಶೇಷ ಸ್ಥಾನವಿತ್ತು. ಶುದ್ಧ ಸಂಗೀತದ ಪಕ್ಷಪಾತಿಗಳು ಅದನ್ನು ನಾಟಕೀಯವೆಂದು ಟೀಕಿಸಿದ್ದೂ ಉಂಟು. ಆದರೆ ರಂಗಭೂಮಿಯಿಂದ ಬಂದ ಶಿಷ್ಯನಿಗೆ ಅದೇ ಗುಣ ಒದಗಿ ಬಂದಿರಬೇಕು. ಮುಂದೆ ಕಾರಂತರ ಮಟ್ಟುಗಳಲ್ಲಿ ರಾಗ ಎಂದೂ ತನ್ನ ಪೂರ್ಣ ಸ್ವರೂಪವನ್ನು ಪ್ರದರ್ಶಿಸಲು ಹಟ ಹಿಡಿಯುವುದಿಲ್ಲ. ಸಂದರ್ಭಕ್ಕೆ ಬೇಕಾದಷ್ಟು ತೋರಿ ಮರೆಯಾಗುತ್ತದೆ.

ಕಾಶಿಯ ನಂತರ ದೆಹಲಿ. 1962ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯಿಂದ ಪದವೀಧರರಾದ ಕಾರಂತರು ಕೆಲವು ವರ್ಷ ಅಲ್ಲಿನ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ನಾಟಕದ ಅಧ್ಯಾಪಕರಾಗಿದ್ದರು. ಮಕ್ಕಳೊಡನೆ ಕಳೆದ ಈ ಕಾಲವನ್ನು ಚರಿತ್ರಕಾರರು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ವಾದ್ಯ ನುಡಿಸಲು ಬಾರದ, ಶ್ರುತಿ ಹಿಡಿಯಲು ಅರಿಯದ, ಆದರೆ ಕೈಗೆ ಸಿಕ್ಕಿದ್ದನ್ನೆಲ್ಲ ಬಡಿದು ಸದ್ದು ಮಾಡಬಲ್ಲ ಎಳೆಯರ ಗುಂಪು ಅವರಿಗೆ ಕಲಿಸಿದ್ದು ಏನೆಂಬುದನ್ನು ಮುಂದಿನ ಪ್ರಯೋಗಗಳು ಹೇಳುತ್ತವೆ. ಪತ್ನಿ ಪ್ರೇಮಾ ಕಾರಂತರೂ ಮಕ್ಕಳ ರಂಗಭೂಮಿಗೆ ಗಣನೀಯವಾಗಿ ದುಡಿದವರು, ಮುಂದೆ 'ಫಣಿಯಮ್ಮ' ಚಿತ್ರದ ನಿರ್ದೇಶಕಿ.

ಇಷ್ಟು ಹೊತ್ತಿಗೆ ಕಾರಂತರಲ್ಲಿ ಬಯಲಾಟ, ಕಂಪನಿ, ಶಾಸ್ತ್ರೀಯ ಸಂಗೀತ, ಆಧುನಿಕ ರಂಗಶಿಕ್ಷಣ ಎಂಬ ನಾಲ್ಕು ಪದರಗಳು ಕೂಡಿಕೊಂಡಿದ್ದವು. ಇವನ್ನು ಒಟ್ಟಿಗೆ ದುಡಿಸಿಕೊಳ್ಳಬಲ್ಲ ಕೃತಿ ಮಾತ್ರ ಸಿಕ್ಕಿರಲಿಲ್ಲ.

ಆ ಕೃತಿಯ ಕಥೆಗೆ ಉದ್ದವಾದ ಪೂರ್ವೇತಿಹಾಸವಿದೆ. ಸೋಮದೇವನ 'ಕಥಾಸರಿತ್ಸಾಗರ'ದೊಳಗೆ ಸೇರಿರುವ ಬೇತಾಳ ಕಥೆಗಳಲ್ಲೊಂದರಲ್ಲಿ ಮದನಸುಂದರಿ ಎಂಬಾಕೆಯ ಗಂಡನೂ ಅಣ್ಣನೂ ದೇವಿಯ ಗುಡಿಯಲ್ಲಿ ತಲೆ ಕಡಿದುಕೊಳ್ಳುತ್ತಾರೆ. ದೇವಿಯ ವರದಿಂದ ಅವರನ್ನು ಬದುಕಿಸುವಾಗ ಆಕೆ ಗಡಿಬಿಡಿಯಲ್ಲಿ ಒಬ್ಬನ ತಲೆಯನ್ನು ಮತ್ತೊಬ್ಬನ ಮುಂಡಕ್ಕೆ ಇಡುತ್ತಾಳೆ. ಗಂಡನಾರು ಎಂಬ ಬೇತಾಳನ ಪ್ರಶ್ನೆಗೆ ಅರಸ ತಡವರಿಸದೆ ಉತ್ತರಿಸುತ್ತಾನೆ: ಅಂಗಗಳಲ್ಲಿ ಶಿರಸ್ಸೇ ಶ್ರೇಷ್ಠ, ತಲೆ ಯಾರದೋ ಅವನೇ ಗಂಡ. ಒಗಟು ಅಲ್ಲಿಗೆ ಮುಗಿಯುತ್ತದೆ. ಜರ್ಮನಿಯ ಭಾರತಶಾಸ್ತ್ರಜ್ಞ ಹೈನ್ರಿಶ್ ಝಿಮ್ಮರನ ಬರವಣಿಗೆಯ ಮೂಲಕ ಈ ಕಥೆಯನ್ನು ಕಂಡ ಥಾಮಸ್ ಮಾನ್, ನಾಜಿ ಆಡಳಿತದಿಂದ ದೇಶಭ್ರಷ್ಟನಾಗಿ ಅಮೆರಿಕದಲ್ಲಿದ್ದಾಗ, 1940ರಲ್ಲಿ ಅದನ್ನು ಕಿರುಕಾದಂಬರಿಯಾಗಿ ಬರೆದ. ಅಣ್ಣನ ಸ್ಥಾನಕ್ಕೆ ಗೆಳೆಯನನ್ನು ತಂದ. ಬುದ್ಧಿಯ ಶ್ರೀದಮನನಿಗೂ ದೇಹದ ನಂದನಿಗೂ ನಡುವೆ ಸೀತೆಯನ್ನು ನಿಲ್ಲಿಸಿದ. ಅರಸನ ಉತ್ತರವನ್ನೇ ಪ್ರಶ್ನೆಯಾಗಿಸಿದ. ತಲೆಯೇ ಗೆದ್ದಿತು ಎಂದ ಮೇಲೂ ದೇಹ ಸುಮ್ಮನಿರುವುದಿಲ್ಲ, ತಲೆ ತನ್ನ ಹೊಸ ದೇಹವನ್ನು ಮೆಲ್ಲಮೆಲ್ಲನೆ ಹಳೆಯ ದೇಹದಂತೆಯೇ ಮಾಡಿಬಿಡುತ್ತದೆ ಎಂಬಲ್ಲಿ ಮಾನ್‌ನ ವ್ಯಂಗ್ಯದ ಮೊನೆಯಿದೆ. ಭೀಭತ್ಸ, ಹಾಸ್ಯ, ತತ್ತ್ವವಿಚಾರಗಳು ಒಂದೇ ಪಾತ್ರೆಯಲ್ಲಿ ಕುದಿಯುವ ಈ ಬಗೆಯ ಬರವಣಿಗೆ ಓದುಗನ ತಲೆಯೊಳಗೆ ನಡೆಯುವಂಥದು. ನಿರೂಪಕನ ನಯವಾದ ಗದ್ಯವೇ ಅದರ ಪ್ರಾಣ. ಆ ಗದ್ಯವನ್ನು ತೆಗೆದುಹಾಕಿ ಕಥೆಯನ್ನು ಹಾಡಿಸಹೊರಟರೆ ಉಳಿಯುವುದೇನು ಎಂಬುದು ಮುಂದಿನವರೆಲ್ಲರಿಗೂ ಎದುರಾದ ತೊಡಕು.

ಅದನ್ನು ಮೊದಲು ಎದುರಿಸಿದವರಲ್ಲಿ ಆಸ್ಟ್ರೇಲಿಯಾದ ಸ್ವರಸಂಯೋಜಕಿ ಪೆಗ್ಗಿ ಗ್ಲ್ಯಾನ್‌ವಿಲ್-ಹಿಕ್ಸ್ ಮುಖ್ಯರು. 1912ರಲ್ಲಿ ಮೆಲ್ಬರ್ನ್‌ನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಆಕೆ ಮಾನ್‌ನ ಕಥೆಯನ್ನು ತಾನೇ ಸಾಹಿತ್ಯವಾಗಿ ಅಳವಡಿಸಿಕೊಂಡು ರಚಿಸಿದ ಆಪೆರಾ 1954ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಪ್ರದರ್ಶನಗೊಂಡಿತು. ಪಾಶ್ಚಾತ್ಯ ಸಂಗೀತದ ಜೀವಾಳವಾದ ಸ್ವರಮೇಳವನ್ನು ಹಿಂದಕ್ಕೆ ಸರಿಸಿ ರಾಗದ ಎಳೆಯನ್ನೂ ಲಯದ ಬಿಗಿಯನ್ನೂ ಮುಂದಿಡಬೇಕೆಂಬ ಆಕೆಯ ನಿಲುವಿಗೆ ಭಾರತದ ಸಂಗೀತ ಆಸರೆಯಾಯಿತು. ಭಾರತೀಯ ಮಟ್ಟುಗಳನ್ನು ಆಕೆ ಆ ಆಪೆರಾದಲ್ಲಿ ಬಳಸಿಕೊಂಡಳು. 1986ರಲ್ಲಿ ಜೂಲಿ ಟೇಮರ್ ಮತ್ತು ಎಲಿಯಟ್ ಗೋಲ್ಡನ್‌ಥಾಲ್ ಅದೇ ಕಥೆಯನ್ನು ಬೊಂಬೆ, ಮುಖವಾಡಗಳ ಸಂಗೀತನಾಟಕವಾಗಿಸಿದರು. ಇವರೆಲ್ಲ ಮಾನ್‌ನ ಕಥೆಗೆ ಭಾರತದ ಬಣ್ಣ ತುಂಬಿದವರು. ಕನ್ನಡದಲ್ಲಿ ನಡೆದದ್ದು ಇದಕ್ಕೆ ತಿರುವುಮುರುವಾದ ಕೆಲಸ: ಹೊರಗೆ ಹೋಗಿ ವಿಚಾರದ ತಲೆಯನ್ನು ಧರಿಸಿ ಬಂದ ಕಥೆಗೆ ಇಲ್ಲಿನ ಆಟದ ಮೈಯನ್ನು ಹೊಂದಿಸಬೇಕಾಗಿತ್ತು.

ಗಿರೀಶ ಕಾರ್ನಾಡರ 'ಹಯವದನ' ಪ್ರಕಟವಾದದ್ದು 1971ರಲ್ಲಿ. ಭಾರತೀಯ ರಂಗಭೂಮಿಯಲ್ಲಿ ಮುಖವಾಡದ ಅರ್ಥವೇನು, ಸಂಗೀತಕ್ಕೂ ನಾಟಕಕ್ಕೂ ಇರುವ ನಂಟೇನು ಎಂಬ ವಿಷಯದಲ್ಲಿ ಕಾರಂತರೊಡನೆ ವಾದಕ್ಕೆ ನಿಂತಿದ್ದಾಗಲೇ ಈ ನಾಟಕದ ಕಲ್ಪನೆ ತಮ್ಮ ಮನಸ್ಸಿನಲ್ಲಿ ಗಟ್ಟಿಗೊಂಡಿತೆಂದು ಕಾರ್ನಾಡರು ಮುಂದೆ ದಾಖಲಿಸಿದ್ದಾರೆ. ಈ ಸಂಗತಿಗೆ ವಿಮರ್ಶೆಯಲ್ಲಿ ಸಲ್ಲಬೇಕಾದ ಮಹತ್ತ್ವ ಸಂದಿಲ್ಲ. ನಾಟಕ ಮೊದಲು ಬರೆಯಲ್ಪಟ್ಟು ಆಮೇಲೆ ಸಂಗೀತವನ್ನು ಹಚ್ಚಿಸಿಕೊಂಡಿತೆಂಬ ಸಾಮಾನ್ಯ ಗ್ರಹಿಕೆ ಇಲ್ಲಿ ನಿಲ್ಲದು. ಸಂಗೀತದ ಪ್ರಶ್ನೆಯಿಂದಲೇ ನಾಟಕ ಹುಟ್ಟಿದೆ. ಭಾಗವತ, ಗಣೇಶಸ್ತುತಿ, ಅರ್ಧಪಟ, ಮುಖವಾಡ, ಸ್ತ್ರೀಯರ ಮೇಳ ಇವೆಲ್ಲ ಮುದ್ರಿತ ಪಠ್ಯದಲ್ಲಿ ಸೂಚನೆಗಳಷ್ಟೆ. ಯಕ್ಷಗಾನವನ್ನು ಉಸಿರಾಡಿ ಬೆಳೆದ ನಿರ್ದೇಶಕನೊಬ್ಬ ಇದಿರಿಗಿದ್ದುದರಿಂದಲೇ ಲೇಖಕರು ಆ ಸೂಚನೆಗಳನ್ನು ಅಷ್ಟು ಧೈರ್ಯದಿಂದ ಬರೆಯಲು ಸಾಧ್ಯವಾಯಿತೆಂದು ಊಹಿಸಿದರೆ ತಪ್ಪಾಗಲಾರದು.

ಕಾರ್ನಾಡರು ಮಾನ್‌ನ ಕಥೆಗೆ ಹೊಸದಾಗಿ ಸೇರಿಸಿದ್ದು ಹಯವದನನೆಂಬ ಕುದುರೆಮೋರೆಯ ಮನುಷ್ಯನನ್ನು. ದೇವದತ್ತ, ಕಪಿಲ, ಪದ್ಮಿನಿಯರ ಕಥೆ ತಲೆ ಮತ್ತು ದೇಹಗಳ ವಾದವಾದರೆ, ಹಯವದನನ ಕಥೆಯಲ್ಲಿ ಮೂರನೆಯದೊಂದು ಬಂದು ಸೇರುತ್ತದೆ. ಅದು ದನಿ. ಪೂರ್ಣತ್ವವನ್ನು ಬೇಡಿದ ಅವನನ್ನು ಕಾಳಿ ಪೂರ್ಣ ಕುದುರೆಯನ್ನಾಗಿಸುತ್ತಾಳೆ. ಮನುಷ್ಯನ ದನಿ ಮಾತ್ರ ಉಳಿದುಬಿಡುತ್ತದೆ. ಆ ದನಿಯನ್ನು ಕಳೆದುಕೊಳ್ಳಲು ಅವನು ರಾಷ್ಟ್ರಗೀತೆ ಹಾಡುತ್ತಾನೆ. ಕೊನೆಗೆ ನಗುವನ್ನೇ ಕಾಣದಿದ್ದ ಮಗುವೊಂದು ನಕ್ಕು, ಅದರೊಡನೆ ತಾನೂ ನಗುತ್ತ ನಗುತ್ತ ಅವನ ನಗೆ ಹೇಷಾರವವಾಗಿ ಮಾರ್ಪಡುತ್ತದೆ. ತತ್ತ್ವದ ಒಗಟು ಹೀಗೆ ಧ್ವನಿಯಲ್ಲಿ ಬಗೆಹರಿಯುವ ನಾಟಕ ಕನ್ನಡದಲ್ಲಿ ಬೇರೊಂದಿಲ್ಲ. ಇದನ್ನು ಓದುವುದು ಸುಲಭ. ಆದರೆ ಮಾತು ಎಲ್ಲಿ ಹಾಡಾಗಬೇಕು, ಹಾಡು ಎಲ್ಲಿ ಕೂಗಾಗಬೇಕು, ಕೂಗು ಎಲ್ಲಿ ಪ್ರಾಣಿಯದಾಗಬೇಕು ಎಂಬುದನ್ನು ರಂಗದ ಮೇಲೆ ನಿರ್ಣಯಿಸಬೇಕಾದವನು ಸಂಗೀತಗಾರ.

ಇನ್ನೊಂದು ಕಷ್ಟ ಇದಕ್ಕಿಂತ ಸೂಕ್ಷ್ಮವಾದದ್ದು. ಕಪಿಲನ ಮೈಗೆ ದೇವದತ್ತನ ತಲೆ ಬಂದ ಮೇಲೆ ಆ ವ್ಯಕ್ತಿ ಯಾರ ಕಂಠದಲ್ಲಿ ಮಾತಾಡಬೇಕು? ಉಸಿರು ಎದೆಯದು, ನಾಲಗೆ ತಲೆಯದು. ಮಾನ್‌ನ ಗದ್ಯ ಈ ಪ್ರಶ್ನೆಯನ್ನು ವಿವರಣೆಯಿಂದ ದಾಟಬಹುದು. ರಂಗದಲ್ಲಿ ಬಾಯಿ ತೆರೆದೊಡನೆ ಉತ್ತರ ಕೊಡಲೇಬೇಕು. ಪಾಶ್ಚಾತ್ಯ ಆಪೆರಾದಲ್ಲಿ ಪಾತ್ರಕ್ಕೆ ಒಂದು ಕಂಠದ ವರ್ಗ ಮೊದಲೇ ನಿಗದಿಯಾಗಿರುವುದರಿಂದ ಅಲ್ಲಿ ಈ ಇಕ್ಕಟ್ಟು ಮತ್ತಷ್ಟು ಬಿಗಿಯಾದದ್ದು. ಬಯಲಾಟದ ಕ್ರಮದಲ್ಲಿ ಅದಕ್ಕೊಂದು ದಾರಿಯಿದೆ: ಅಲ್ಲಿ ಪಾತ್ರದ ಹಾಡನ್ನು ಪಾತ್ರಧಾರಿ ಹಾಡುವುದಿಲ್ಲ, ಭಾಗವತ ಹಾಡುತ್ತಾನೆ. ದೇಹ ಒಬ್ಬನದು, ದನಿ ಮತ್ತೊಬ್ಬನದು. ಪ್ರೇಕ್ಷಕನಿಗೆ ಅದರಲ್ಲಿ ಯಾವ ವಿಚಿತ್ರವೂ ಕಾಣುವುದಿಲ್ಲ. ರುಂಡಮುಂಡಗಳ ಅದಲುಬದಲನ್ನು ನೂರಾರು ವರ್ಷಗಳಿಂದ ದಿನನಿತ್ಯದ ರೂಢಿಯಾಗಿಸಿಕೊಂಡ ಕಲೆಯೊಂದು ತನ್ನ ಹುಟ್ಟೂರಿನಲ್ಲೇ ಇತ್ತೆಂಬುದನ್ನು ಕಾರಂತರು ಬಲ್ಲವರಾಗಿದ್ದರು. ಕಂಪನಿ ನಾಟಕದ ನಟ ತಾನೇ ಹಾಡುತ್ತಾನೆ, ಬಯಲಾಟದಲ್ಲಿ ಬೇರೊಬ್ಬ ಹಾಡುತ್ತಾನೆ. ಈ ಎರಡು ಕ್ರಮಗಳ ನಡುವೆ ಬೇಕಾದಾಗ ಬೇಕಾದ ಕಡೆಗೆ ಹೊರಳಬಲ್ಲ ಸ್ವಾತಂತ್ರ್ಯವೇ 'ಹಯವದನ'ದ ಸಂಗೀತದ ಬಲ.

1972ರಲ್ಲಿ ಕಾರಂತರು ತಾವೇ ಹಿಂದಿಗೆ ಅನುವಾದಿಸಿ ದೆಹಲಿಯ 'ದಿಶಾಂತರ' ತಂಡಕ್ಕೆ ಇದನ್ನು ಆಡಿಸಿದರು. ಬೆಂಗಳೂರಿನಲ್ಲಿ ಅವರು ಕಟ್ಟಿದ 'ಬೆನಕ' ತಂಡದ ಮೂಲಕ ಕನ್ನಡ ಪ್ರಯೋಗ ಊರೂರು ತಿರುಗಿತು. ಬೆಂಗಳೂರು ನಗರ ಕಲಾವಿದರು ಎಂಬುದರ ಸಂಕ್ಷಿಪ್ತ ರೂಪವಾದ ಈ ಹೆಸರು ಗಣಪತಿಯ ಹೆಸರೂ ಹೌದು. ಆನೆಮೊಗದ ದೇವರ ಸ್ತುತಿಯಿಂದ ಆರಂಭವಾಗುವ ನಾಟಕಕ್ಕೆ ಇದಕ್ಕಿಂತ ಒಪ್ಪುವ ತಂಡ ಸಿಕ್ಕಲಾರದು. ಆ ಸ್ತುತಿಗೆ ಕಾರಂತರು ಕೂಡಿಸಿದ ಮಟ್ಟು ನಾಟಕದ ಹೊರಗೂ ಹರಡಿ, ನಾಟಕವನ್ನೇ ನೋಡದವರು ಸಭೆಗಳ ಆರಂಭದಲ್ಲಿ ಹಾಡುವ ಪ್ರಾರ್ಥನೆಯಾಯಿತು. ಬೆರಕೆಯ ದೇಹವೇ ಮಂಗಳಮೂರ್ತಿಯಾಗಿರುವಾಗ ಪೂರ್ಣತ್ವದ ಹಂಬಲಕ್ಕೇನು ಅರ್ಥ ಎಂಬ ನಾಟಕದ ಕೊಂಕು ಆ ಸಭೆಗಳಲ್ಲಿ ಯಾರಿಗೂ ನೆನಪಿರುವುದಿಲ್ಲ. ಜನಪ್ರಿಯತೆ ಸಲ್ಲಿಸಿದ ಈ ಬಗೆಯ ಗೌರವದಲ್ಲಿ ನಷ್ಟವೂ ಬೆರೆತಿದೆ.

ಸದ್ದುಗಳ ವಿಷಯದಲ್ಲಿ ಕಾರಂತರ ದಾರಿಯನ್ನು ಅದೇ ಕಾಲದ ಯುರೋಪಿನೊಡನೆ ಹೋಲಿಸಬಹುದು. 1948ರಲ್ಲಿ ಪ್ಯಾರಿಸ್ಸಿನ ರೇಡಿಯೋ ಕೇಂದ್ರದಲ್ಲಿ ಪಿಯೇರ್ ಶೇಫರ್ ರೈಲುಬಂಡಿಯ ಸದ್ದನ್ನೂ ಪಾತ್ರೆಗಳ ಸದ್ದನ್ನೂ ಮುದ್ರಿಸಿಕೊಂಡು, ತುಂಡರಿಸಿ ಜೋಡಿಸಿ ಸಂಗೀತವೆಂದು ಕೇಳಿಸಿದ. ಅಲ್ಲಿಂದ ವಿದ್ಯುನ್ಮಾನ ಸಂಗೀತ ಬೆಳೆದು ಆಪೆರಾದ ರಂಗಕ್ಕೂ ಬಂತು. ಸಂಗೀತವೆಂದರೆ ಸ್ವರ ಮಾತ್ರವಲ್ಲ, ಸದ್ದೆಲ್ಲವೂ ಅದರ ಸಾಮಗ್ರಿ ಎಂಬ ತಿಳಿವಿಗೆ ಕಾರಂತರೂ ತಮ್ಮದೇ ದಾರಿಯಲ್ಲಿ ತಲುಪಿದ್ದರು. ಕಲ್ಲು, ಮರದ ತುಂಡು, ತಗಡು, ಕಾಗದ, ನಟರ ಉಸಿರು, ಹಜ್ಜೆ ಇವೆಲ್ಲ ಅವರ ವಾದ್ಯಗಳಾದವು. ವ್ಯತ್ಯಾಸವಿದ್ದದ್ದು ಯಂತ್ರದ ವಿಷಯದಲ್ಲಿ. ಯುರೋಪಿನ ಪ್ರಯೋಗಶೀಲರು ಸದ್ದನ್ನು ಅದು ಹುಟ್ಟಿದ ದೇಹದಿಂದ ಬಿಡಿಸಿ ಧ್ವನಿವರ್ಧಕದೊಳಗೆ ಇಟ್ಟರು. ಕಾರಂತರ ನಾಟಕಗಳಲ್ಲಿ ಸದ್ದು ಮಾಡುವವನು ಪ್ರೇಕ್ಷಕನ ಕಣ್ಣೆದುರೇ ಕುಳಿತಿರುತ್ತಿದ್ದ. ಬಡತನ ಇದಕ್ಕೆ ಕಾರಣವೆಂದು ಹೇಳಿಬಿಡಬಹುದು, ಹವ್ಯಾಸಿ ತಂಡಗಳಿಗೆ ಯಂತ್ರ ಕೊಳ್ಳುವ ಶಕ್ತಿ ಇರಲಿಲ್ಲವೆಂಬುದೂ ನಿಜ. ಆದರೆ ರಾಷ್ಟ್ರೀಯ ನಾಟಕ ಶಾಲೆಯ ಸಕಲ ಸೌಕರ್ಯಗಳು ಕೈಗೆ ಬಂದಾಗಲೂ ಅವರು ಮೇಳವನ್ನು ಬಿಟ್ಟುಕೊಡಲಿಲ್ಲ.

'ಹಯವದನ' ದೆಹಲಿಯಲ್ಲಿ ರಂಗವೇರಿದ 1972, ಪುಣೆಯ ರಂಗಭೂಮಿಗೂ ನೆನಪಿಡುವಂಥ ವರ್ಷ. ವಿಜಯ ತೆಂಡೂಲ್ಕರರ 'ಘಾಶೀರಾಮ ಕೋತವಾಲ'ವನ್ನು ಜಬ್ಬಾರ್ ಪಟೇಲರು ಆ ಡಿಸೆಂಬರಿನಲ್ಲಿ ಅಲ್ಲಿ ಆಡಿಸಿದಾಗ ಭಾಸ್ಕರ ಚಂದಾವರ್ಕರರ ಸಂಗೀತ, ಸಾಲಾಗಿ ನಿಂತು ಹಾಡುವ ಬ್ರಾಹ್ಮಣರ ಗೋಡೆಯೊಂದನ್ನು ರಂಗದ ಮೇಲೆ ಕಟ್ಟಿತು. ಕೀರ್ತನೆ, ಲಾವಣಿ, ಅಭಂಗಗಳು ಅಲ್ಲಿ ಕ್ರೌರ್ಯದ ಮುಸುಕಾದವು. ಇದೇ ಚಂದಾವರ್ಕರರು ಅದಕ್ಕೆ ಸ್ವಲ್ಪ ಮುಂಚೆ ಕಾರಂತ–ಕಾರ್ನಾಡರ ಜಂಟಿ ನಿರ್ದೇಶನದ 'ವಂಶವೃಕ್ಷ' ಚಿತ್ರಕ್ಕೆ ಸಂಗೀತ ನೀಡಿದ್ದರು. ಕಾರ್ನಾಡರು 1974ರಲ್ಲಿ ಪುಣೆಯ ಚಲನಚಿತ್ರ ಸಂಸ್ಥೆಯ ನಿರ್ದೇಶಕರಾಗಿ ಹೋದರು. ಕಿರ್ಲೋಸ್ಕರರ ಕಾಲದಲ್ಲಿ ಒಮ್ಮೆ ನಡೆದಿದ್ದ ಕನ್ನಡ–ಮರಾಠಿ ಕೊಡುಕೊಳೆ ಹೀಗೆ ತೊಂಬತ್ತು ವರ್ಷಗಳ ತರುವಾಯ ಇನ್ನೊಂದು ರೂಪದಲ್ಲಿ ಮರುಕಳಿಸಿತು. ಇಬ್ಬರು ಸಂಗೀತಗಾರರಲ್ಲಿ ಭೇದವೂ ಇದೆ: ಚಂದಾವರ್ಕರರದು ಕಟ್ಟಡವನ್ನು ಯೋಜಿಸುವವರ ಮನಸ್ಸು, ಕಾರಂತರದು ತಾಲೀಮಿನ ಹೊತ್ತಿನಲ್ಲಿ ಹೊಳೆದದ್ದನ್ನು ನಟರ ಕೊರಳಿಗೆ ಕೂಡಲೇ ಹಾಕಿಬಿಡುವ ಮನಸ್ಸು.

ಬೆಂಗಳೂರಿಗೂ 1972 ದೊಡ್ಡ ವರ್ಷವೇ. ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಕಾರಂತರು ಲಂಕೇಶರು ಅನುವಾದಿಸಿದ 'ಈಡಿಪಸ್', ಲಂಕೇಶರದೇ 'ಸಂಕ್ರಾಂತಿ', ಕಂಬಾರರ 'ಜೋಕುಮಾರಸ್ವಾಮಿ' ಇವುಗಳನ್ನು ಆಡಿಸಿ ಹವ್ಯಾಸಿ ರಂಗಭೂಮಿಯ ದಿಕ್ಕನ್ನೇ ಬದಲಿಸಿದರು. ಆಮೇಲೆ ಶ್ರೀರಂಗರ 'ಸತ್ತವರ ನೆರಳು' ಬಂತು. ಮಠದ ರಾಜಕೀಯವನ್ನು ಚರ್ಚಿಸುವ ಗದ್ಯನಾಟಕವದು. ಕಾರಂತರು ಅದರೊಳಕ್ಕೆ ಪುರಂದರದಾಸರ ಪದಗಳನ್ನು ತಂದು, ಭಕ್ತಿಯ ಹಾಡನ್ನೇ ಭಕ್ತಿಯ ಹೆಸರಿನ ವ್ಯವಹಾರಕ್ಕೆ ಎದುರಾಳಿಯಾಗಿ ನಿಲ್ಲಿಸಿದರು. ಶ್ರೀರಂಗರ ಪಠ್ಯ ಹಾಡನ್ನು ಬೇಡಿರಲಿಲ್ಲ. ಹಾಗಿದ್ದೂ ಪ್ರಯೋಗ ನೋಡಿದವರಿಗೆ ಹಾಡಿಲ್ಲದೆ ಆ ನಾಟಕವನ್ನು ನೆನೆಯುವುದು ಅಸಾಧ್ಯವಾಯಿತು. ನಾಟಕಕಾರನ ಮಾತನ್ನು ಸಂಗೀತ ನುಂಗಿತೆಂಬ ಆಕ್ಷೇಪ ಕಾರಂತರ ವಿರುದ್ಧ ಹಲವು ಸಲ ಕೇಳಿಬಂದದ್ದುಂಟು. ಅವರ ಕೆಲವು ಪ್ರಯೋಗಗಳ ಮಟ್ಟಿಗೆ ಆ ಆಕ್ಷೇಪವನ್ನು ತಳ್ಳಿಹಾಕಲಾಗದು. 'ಸತ್ತವರ ನೆರಳು' ಅಂಥವುಗಳಲ್ಲೊಂದಲ್ಲ.

ಕಾದಂಬರಿಯೊಂದನ್ನು ನಾದಕ್ಕೆ ತರುವ ಅವಕಾಶ ಅವರಿಗೆ ಮತ್ತೊಮ್ಮೆ ಒದಗಿದ್ದು ಚಲನಚಿತ್ರದಲ್ಲಿ. ಶಿವರಾಮ ಕಾರಂತರ 1933ರ 'ಚೋಮನ ದುಡಿ'ಯನ್ನು ಅವರು 1975ರಲ್ಲಿ ಚಿತ್ರವಾಗಿಸಿದರು; ಆ ವರ್ಷದ ರಾಷ್ಟ್ರಪತಿ ಸ್ವರ್ಣಕಮಲ ಅದಕ್ಕೆ ಸಂದಿತು, ಚೋಮನ ಪಾತ್ರದ ಎಂ.ವಿ. ವಾಸುದೇವರಾಯರು ಶ್ರೇಷ್ಠ ನಟರೆಂದು ಪುರಸ್ಕೃತರಾದರು. ಬೇಸಾಯಕ್ಕೆ ತುಂಡು ನೆಲ ಸಿಗದ ಅಸ್ಪೃಶ್ಯನ ದುಃಖವನ್ನು ಚಿತ್ರ ದುಡಿಯ ಪೆಟ್ಟಿಗೆ ಒಪ್ಪಿಸಿಕೊಡುತ್ತದೆ. 'ಋಷ್ಯಶೃಂಗ', 'ಘಟಶ್ರಾದ್ಧ' ಚಿತ್ರಗಳ ಸಂಗೀತಕ್ಕಾಗಿ ಅನುಕ್ರಮವಾಗಿ 1976 ಮತ್ತು 1977ರ ರಾಷ್ಟ್ರಪ್ರಶಸ್ತಿಗಳೂ ಅವರಿಗೆ ಬಂದವು.

1977ರಿಂದ 1981ರವರೆಗೆ ಕಾರಂತರು ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರು. ರಘುವೀರ ಸಹಾಯರ ಹಿಂದಿ ಅನುವಾದದಲ್ಲಿ 'ಮ್ಯಾಕ್‌ಬೆತ್' ನಾಟಕವನ್ನು 'ಬರ್ನಂ ವನ' ಎಂಬ ಹೆಸರಿನಿಂದ 1979ರಲ್ಲಿ ಯಕ್ಷಗಾನದ ಅಂಗಾಂಶಗಳೊಡನೆ ಆಡಿಸಿದ್ದು ಈ ಅವಧಿಯ ಮುಖ್ಯ ಸಾಧನೆ. ನಂತರ ಭೋಪಾಲದ ಭಾರತ ಭವನದ ರಂಗಮಂಡಲವನ್ನು ಕಟ್ಟಿ ಬೆಳೆಸಿದರು. ಬುಂದೇಲಿ, ಮಾಲವಿ, ಛತ್ತೀಸಗಢಿ ನುಡಿಗಳ ಲಯವನ್ನು ರಂಗಕ್ಕೆ ತಂದರು. 1986ರಲ್ಲಿ ಅಲ್ಲಿನ ನಟಿಯೊಬ್ಬರು ತೀವ್ರವಾದ ಸುಟ್ಟಗಾಯಗಳಿಗೆ ಒಳಗಾದ ಪ್ರಕರಣದಲ್ಲಿ ಕಾರಂತರು ಬಂಧಿತರಾಗಿ ಸೆರೆವಾಸ ಅನುಭವಿಸಿದರು. ಮುಂದೆ ಆರೋಪದಿಂದ ಬಿಡುಗಡೆ ಹೊಂದಿದರೂ ಭೋಪಾಲದ ಅಧ್ಯಾಯ ಅಲ್ಲಿಗೆ ಮುಗಿಯಿತು. ಅವರ ಜೀವನಚರಿತ್ರೆಯಲ್ಲಿ ಈ ಪುಟವನ್ನು ಮಡಿಸಿಡುವುದು ಸರಿಯಲ್ಲ, ಅದನ್ನೇ ಹಿಡಿದು ಉಳಿದದ್ದನ್ನು ಓದುವುದೂ ಸರಿಯಲ್ಲ.

ಕರ್ನಾಟಕ ಅವರನ್ನು ಮರಳಿ ಕರೆದದ್ದು 1989ರಲ್ಲಿ, ಮೈಸೂರಿನ ರಂಗಾಯಣಕ್ಕೆ. ರಾಜ್ಯ ಸರ್ಕಾರದ ಆಶ್ರಯದ ಈ ರೆಪರ್ಟರಿಗೆ ಅವರು ಮೊದಲ ನಿರ್ದೇಶಕರು. ನಾಡಿನ ಬೇರೆಬೇರೆ ಕಡೆಯಿಂದ ಬಂದ ಯುವಕ ಯುವತಿಯರಿಗೆ ಕಾರಂತರು ಕಲಿಸಿದ್ದರಲ್ಲಿ ಹಾಡಿನ ಪಾಲು ದೊಡ್ಡದು. ಇದೇ ವರ್ಷಗಳ ಆಸುಪಾಸಿನಲ್ಲಿ ಅವರು ಪು.ತಿ.ನ. ಅವರ 'ಗೋಕುಲ ನಿರ್ಗಮನ'ವನ್ನು ಬೆನಕಕ್ಕೆ ಆಡಿಸಿದರು. ಪು.ತಿ.ನ. ಅದನ್ನು ಬರೆದದ್ದೇ ಗೀತನಾಟಕವಾಗಿ. ಆಪೆರಾ ಎಂಬ ಪದಕ್ಕೆ ಕನ್ನಡದಲ್ಲಿ ಅತ್ಯಂತ ಸಮೀಪದಲ್ಲಿ ನಿಲ್ಲುವ ಕೃತಿ. ಕೊಳಲನ್ನು ಬಿಟ್ಟು ಮಧುರೆಗೆ ಹೊರಡುವ ಕೃಷ್ಣನ ವಸ್ತುವಿಗೂ, ದನಿಯನ್ನು ಕಳೆದುಕೊಂಡು ಕುದುರೆಯಾಗುವವನ ವಸ್ತುವಿಗೂ ಹೊರನೋಟಕ್ಕೆ ಸಂಬಂಧವಿಲ್ಲ. ಒಂದು ರಸಮಯ, ಮತ್ತೊಂದು ವಿಕಟ. ಆದರೆ ಎರಡರಲ್ಲೂ ನಾದವನ್ನು ತೊರೆಯುವ ಗಳಿಗೆಯೇ ಕಥೆಯ ನಿರ್ಣಾಯಕ ಗಳಿಗೆ. ಎರಡನ್ನೂ ರಂಗಕ್ಕೆ ತಂದವರು ಒಬ್ಬರೇ ಎಂಬುದು ವಿಚಾರ ಮಾಡತಕ್ಕ ಅಂಶ.

ಮಾನ್‌ನ ಕಥೆ ಮತ್ತೊಂದು ಸುತ್ತು ಹಾಕಿದ್ದನ್ನೂ ಇಲ್ಲಿ ಹೇಳಬೇಕು. 1980ರ ದಶಕದಲ್ಲಿ ವಿಜಯಾ ಮೆಹ್ತಾ ಅವರು ಜರ್ಮನಿಯ ವೈಮಾರ್ ನಗರದ ರಂಗಮಂದಿರದಲ್ಲಿ ಜರ್ಮನ್ ನಟರಿಂದ 'ಹಯವದನ'ವನ್ನು ಆಡಿಸಿದರು. ಸಂಸ್ಕೃತದಿಂದ ಜರ್ಮನ್ನಿಗೆ, ಜರ್ಮನ್ನಿನಿಂದ ಕನ್ನಡಕ್ಕೆ ಬಂದ ರುಂಡಮುಂಡಗಳು ಭಾಗವತನನ್ನು ಜೊತೆಗೆ ಕರೆದುಕೊಂಡು ಮರಳಿ ಜರ್ಮನಿ ಸೇರಿದವು.

ಕಾರಂತರ ಸಂಗೀತ ಉಳಿದ ಬಗೆ ಚಿಂತೆಗೆ ಎಡೆಮಾಡುವಂಥದು. ಗ್ಲ್ಯಾನ್‌ವಿಲ್-ಹಿಕ್ಸಳ ಆಪೆರಾದ ಸ್ವರಲಿಪಿ ಇದೆ, ಧ್ವನಿಮುದ್ರಣವಿದೆ. ಯಾವ ದೇಶದವರೂ ಅದನ್ನು ತೆಗೆದು ನುಡಿಸಬಹುದು. ಕಾರಂತರ ಮಟ್ಟುಗಳು ಮುಖ್ಯವಾಗಿ ಉಳಿದದ್ದು ಅವರೊಡನೆ ತಾಲೀಮು ಮಾಡಿದ ನಟರ ನೆನಪಿನಲ್ಲಿ, ಬೆನಕ ಮತ್ತು ರಂಗಾಯಣದ ಮೇಳಗಳಲ್ಲಿ. ರಂಗಗೀತೆಗಳೆಂಬ ಹೆಸರಿನಲ್ಲಿ ಅವು ಕ್ಯಾಸೆಟ್ಟುಗಳಿಗೂ ಕಛೇರಿಗಳಿಗೂ ಬಂದವು, ಬಂದಷ್ಟೂ ನಾಟಕದಿಂದ ಬೇರೆಯಾದವು. ಹಾಡು ಉಳಿಯಿತು; ಅದರ ಹಿಂದುಮುಂದಿನ ಮೌನ, ಸದ್ದು, ನಟನ ಚಲನೆ ಉಳಿಯಲಿಲ್ಲ. ಪಠ್ಯವನ್ನು ಮಾತ್ರ ಪಾಠ ಹೇಳುವ ಕನ್ನಡ ವಿಭಾಗಗಳಲ್ಲಿ 'ಹಯವದನ' ಇನ್ನೊಂದು ತುದಿಯಿಂದ ಅದೇ ಛೇದನಕ್ಕೆ ಒಳಗಾಗಿದೆ. ಅಲ್ಲಿ ಅಸ್ತಿತ್ವವಾದ, ಪೂರ್ಣತ್ವ, ಅನನ್ಯತೆಗಳ ಚರ್ಚೆ ನಡೆಯುತ್ತದೆ, ಮೇಳದ ಹಾಡುಗಳನ್ನು ಪದ್ಯಗಳೆಂಬಂತೆ ಓದಿ ಮುಂದೆ ಸಾಗಲಾಗುತ್ತದೆ. ಪ್ರಯೋಗದ ಸಂಗೀತವನ್ನು ಪಠ್ಯದ ಪಕ್ಕದಲ್ಲಿಟ್ಟು ಸಂಪಾದಿಸುವ ಕೆಲಸ, ಆ ಮೇಳಗಳಲ್ಲಿ ಹಾಡಿದವರು ಇನ್ನೂ ನಮ್ಮ ನಡುವೆ ಇರುವಾಗಲೇ ನಡೆಯಬೇಕಾದದ್ದು.

ಕಾರಂತರು 2002ರ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಆತ್ಮಕಥನವನ್ನು ಅವರ ಬಾಯಿಂದ ಕೇಳಿ ಬರೆದುಕೊಂಡವರು ವೈದೇಹಿ. 'ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ' ಎಂಬ ಆ ಗ್ರಂಥ ಮರುವರ್ಷ ಪ್ರಕಟವಾಯಿತು. ನೂರಾರು ಹಾಡುಗಳನ್ನು ಸ್ವರಲಿಪಿಗಿಳಿಸದೆ ಬಿಟ್ಟವರು ತಮ್ಮ ಜೀವನವೃತ್ತಾಂತವನ್ನೂ ಹೇಳಿಯೇ ಬರೆಯಿಸಿದರು.